ಮಳೆ ಚೆನ್ನಾದ ವರ್ಷ ಸಾಲ ಮಾಡಿ ಕುರಿ ಹೆಚ್ಚಿಸಬಹುದೇ?

ನಲವತ್ತು ಕುರಿಗಳನ್ನು ನೂರಕ್ಕೆ ಏರಿಸಲೇ, ತಳಿಗಳಲ್ಲಿ ಯಳಗ ತರಲೇ ದಖನಿ ತರಲೇ ಎಂದು ಕೇಳಿದ್ದೀರಿ. 2022ರ ದೀಪಾವಳಿಯಲ್ಲಿ ನಾನೂ ಹೀಗೆಯೇ ಯೋಚಿಸಿ, ಮರುವಾರವೇ ಅಮೀನಗಡದ ಕುರಿಸಂತೆಗೆ ಹೋಗಿದ್ದೆ.

ನಮ್ಮದು ಬೀಳಗಿ ತಾಲ್ಲೂಕಿನ ಗುಡ್ಡದಂಚಿನ ಊರು. ಆ ವರ್ಷ ಮಳೆ ಚೆನ್ನಾಗಿ ಸುರಿದು ಹುಲ್ಲು ಮೊಣಕಾಲೆತ್ತರ ನಿಂತಿತ್ತು. ಮನೆಯಲ್ಲಿದ್ದ 35 ಕುರಿಗಳ ಜೊತೆಗೆ ಗಬ್ಬದವನ್ನೇ ಆರಿಸಿ ಇನ್ನೂ 40 ತಂದೆ. ಮಾರ್ಚ್ ಮುಗಿಯುವಷ್ಟರಲ್ಲಿ ಮರಿಗಳೂ ಸೇರಿ ಲೆಕ್ಕ ನೂರು ದಾಟಿತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಅದನ್ನೇ ಮಾಡಲು ಹೊರಟಿದ್ದೀರಿ. ನಾನು ಮೇವನ್ನು ಕಾರ್ತಿಕದಲ್ಲಿ ಅಳೆದೆ. ಕುರಿಗಳು ಬದುಕಬೇಕಾದದ್ದು ವೈಶಾಖದಲ್ಲಿ. ಮೂವತ್ತು ಕಿಲೋ ತೂಗುವ ಕುರಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣಮೇವು ಬೇಕು. ಮಾರ್ಚ್‌ನಿಂದ ಮುಂಗಾರಿನವರೆಗೆ ನೂರು ದಿನವೆಂದರೂ ಹಳೆಯ 35ಕ್ಕೆ 35 ಕ್ವಿಂಟಲ್ ಸಾಕಿತ್ತು, ನನ್ನ ಬಣವೆಯಲ್ಲಿ 40 ಕ್ವಿಂಟಲ್ ಕಣಕಿ, ಅಂದರೆ ಜೋಳದ ಒಣದಂಟು, ಇತ್ತು. ಅದೇ ಬಣವೆ 75 ಕುರಿಗಳಿಗೆ ಏಪ್ರಿಲ್ ಕೂಡ ದಾಟಿಸಲಿಲ್ಲ. ಹಾಲೂಡಿಸುವ ಕುರಿ ಇನ್ನೂ ಹೆಚ್ಚು ತಿನ್ನುತ್ತದೆ ಎಂಬುದನ್ನಂತೂ ನಾನು ಎಣಿಸಿರಲೇ ಇಲ್ಲ. ಕುರಿಯ ಗಬ್ಬ ಐದು ತಿಂಗಳಿನದು. ಹಸಿರು ಮೇದು ಕಟ್ಟಿದ ಗಬ್ಬ, ಹಸಿರು ತೀರಿದ ಮೇಲೆ ಮರಿಯಾಗಿ ಬಾಯಿ ತೆರೆಯುತ್ತದೆ. ಹೀಗಾಗಿ ಹಿಂಡು ಅತಿ ದೊಡ್ಡದಾಗುವುದೂ ಗುಡ್ಡ ಬೋಳಾಗುವುದೂ ಒಂದೇ ತಿಂಗಳಲ್ಲಿ.

ಆಗಲಾದರೂ ಮಾರಬೇಕಿತ್ತು, ರೋಹಿಣಿ ಮಳೆ ಬಂದೀತೆಂದು ಸಾಲದ ಮೇವು ಹಾಕುತ್ತ ಕುಳಿತೆ. 2023ರ ಜೂನ್ ಕೈಕೊಟ್ಟಿತು. ಮುಂದೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಎಲ್ಲರೂ ಒಟ್ಟಿಗೆ ಸಂತೆಗೆ ಹೊಡೆದುಕೊಂಡು ಹೋದಾಗ ದರ ಎಲ್ಲಿ ನಿಂತೀತು? ನನ್ನಲ್ಲಿ ಉಳಿದದ್ದು 31. ಹಸಿದ ಹಿಂಡು ಹುಲ್ಲನ್ನು ಬೀಜ ಕಟ್ಟಲು ಬಿಡದೆ ಬುಡಮಟ್ಟ ಮೇದಿದ್ದರಿಂದ, ಮುಂದಿನ ಮಳೆಗೆ ಆ ಇಳಿಜಾರಿನಲ್ಲಿ ಎದ್ದದ್ದು ಕುರಿ ಮೂಸಿಯೂ ನೋಡದ ತಂಗಡಿ ಗಿಡ.

ಇದು ನನ್ನೊಬ್ಬನ ದಡ್ಡತನವಲ್ಲ ಎಂದು ಆಮೇಲೆ ಓದಿ ತಿಳಿದೆ. ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ 1944ರಲ್ಲಿ ಬಿಟ್ಟ 29 ಹಿಮಸಾರಂಗಗಳು ಕಲ್ಲುಹೂವು ಮೇದು 1963ಕ್ಕೆ 6,000 ಆದವು. ಮೇವು ಸವೆದಿದ್ದಾಗ ಬಂದ ಒಂದು ಕಠಿಣ ಚಳಿಗಾಲದಲ್ಲಿ ಹಿಂಡೇ ಅಳಿದು, 1966ರಲ್ಲಿ ಎಣಿಸಿದಾಗ 42 ಇದ್ದವು. ನಮ್ಮ ಯಡಹಳ್ಳಿ ವನ್ಯಧಾಮದ ಚಿಂಕಾರ ಹುಲ್ಲೆಗಳಾದರೋ ಹೀಗೆ ಒಂದೇ ಕಡೆ ಹಿಂಡುಗಟ್ಟದೆ ಒಂಟಿಯಾಗಿ, ಹೆಚ್ಚೆಂದರೆ ಸಣ್ಣ ಗುಂಪಾಗಿ ಚದುರಿ, ಎಲೆಯ ಪಸೆಯಲ್ಲೇ ನೀರಡಿಕೆ ಕಳೆಯುತ್ತವೆ.

ಆದ್ದರಿಂದ ಯಳಗವೋ ದಖನಿಯೋ ಎಂಬುದು ನನ್ನ ಮಟ್ಟಿಗೆ ಪ್ರಶ್ನೆಯೇ ಅಲ್ಲ. ಬಣವೆಯನ್ನು ತೂಗಿ, ಕ್ವಿಂಟಲಿಗೆ ಒಂದರಂತೆ ಕುರಿ ಇಟ್ಟುಕೊಳ್ಳಿ. ಟಗರುಮರಿಗಳನ್ನು ಹುಲ್ಲು ಹಸಿರಿರುವಾಗಲೇ ಮಾರಿ. ಗುಡ್ಡದ ಒಂದು ಪಾಲನ್ನು ಬೀಜ ಉದುರುವವರೆಗೆ ಮೇಯಿಸಬೇಡಿ. ಸಾಲ ಮಾಡಲೇಬೇಕೆಂದಿದ್ದರೆ ಕಣಕಿ ಅಗ್ಗವಿರುವ ಸುಗ್ಗಿಯಲ್ಲಿ ಕಣಕಿಗೆ ಮಾಡಿ, ಕುರಿಗಲ್ಲ.