ಪ್ರೊಪೇನ್ ಮಿತಿ 500 ಗ್ರಾಂ: ಲೆಕ್ಕ ಎಲ್ಲಿಂದ ಬಂತು?

ಸೂಪರ್‌ಮಾರ್ಕೆಟ್ ಫ್ರಿಜ್‌ಗಳಲ್ಲಿ ತಂಪು ಮಾಡಲು ಬಳಸುವ, ಬೆಂಕಿ ಹೊತ್ತಿಕೊಳ್ಳಬಲ್ಲ ಪ್ರೊಪೇನ್ ಅನಿಲದ ಮಿತಿ 150 ಗ್ರಾಂನಿಂದ 500ಕ್ಕೆ ಏರಿದ್ದು ಸುಮ್ನೆ ಹಾಕಿದ ಅಂಕಿಯಾ ಅಂತ ಕೇಳಿದ್ದೀರಿ. ಅಲ್ಲ. ವಿದ್ಯುತ್ ಉಪಕರಣಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ 61ಸಿ ಉಪಸಮಿತಿ ವರ್ಷಗಟ್ಟಲೆ ಜಗ್ಗಾಡಿ, 2019ರಲ್ಲಿ ಅಂಗಡಿ ಫ್ರಿಜ್‌ಗಳ ಸುರಕ್ಷತೆಯ 60335-2-89 ಮಾನದಂಡದ ಹೊಸ ಆವೃತ್ತಿ ತಂದಿತು. ಗಾಳಿಯಲ್ಲಿ ಪ್ರೊಪೇನ್ ಹೊತ್ತಿಕೊಳ್ಳಲು ಘನ ಮೀಟರ್‌ಗೆ ಕನಿಷ್ಠ 38 ಗ್ರಾಂ ಬೇಕು. ಹೊಸ ಮಿತಿ ಅದರ 13 ಪಟ್ಟು, ಅಂದ್ರೆ 494 ಗ್ರಾಂ. ಬಾಯಿಮಾತಿನಲ್ಲಿ ಅದೇ 500.

ಆದರೆ 150 ದಾಟಿದರೆ ಒಂದು ಪರೀಕ್ಷೆ ಇದೆ. ಬೇಕಂತಲೇ ಅನಿಲ ಸೋರಿಸಿ, ಫ್ರಿಜ್ ಸುತ್ತ ಎಷ್ಟು ಸೇರುತ್ತದೆ ಅಂತ ಅಳೆಯಬೇಕು. ಪ್ರೊಪೇನ್ ಗಾಳಿಗಿಂತ ಭಾರ, ನೆಲದ ಹತ್ತಿರವೇ ಕೂರುತ್ತದೆ ಅಲ್ವಾ? ನನ್ನ ಕೇಳಿದರೆ ಅಂಕಿಗಿಂತ ಈ ಪರೀಕ್ಷೆಯೇ ಜಾಸ್ತಿ ಮುಖ್ಯ. ಅಂದ ಹಾಗೆ, ಮಿತಿ ಒಂದೊಂದು ಸರ್ಕ್ಯೂಟ್‌ಗೆ (ಅನಿಲ ಸುತ್ತುವ ಮುಚ್ಚಿದ ಕೊಳವೆ ವ್ಯವಸ್ಥೆಗೆ), ಇಡೀ ಅಂಗಡಿಗಲ್ಲ. ಆಯಾ ದೇಶ ಒಪ್ಪಿಕೊಂಡ ಮೇಲಷ್ಟೇ ಜಾರಿ.