ಮೊದಲ ಸಲ ಬೊಟಾಕ್ಸ್ (ಸ್ನಾಯು ಸಡಿಲಿಸಿ ಮುಖದ ಸುಕ್ಕು ಕಡಿಮೆ ಮಾಡುವ ಔಷಧಿ) ಇಂಜೆಕ್ಷನ್‌ಗೆ ಹೋಗುವ ಮುಂಚೆ ಏನು ತಯಾರಿ ಬೇಕು?

ಜಾಸ್ತಿ ಏನೂ ಬೇಡ. ವೈದ್ಯರು ಬರೆದುಕೊಟ್ಟದ್ದಲ್ಲದಿದ್ದರೆ, ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುವ ಮಾತ್ರೆಗಳಿಂದ ಸುಮಾರು ಒಂದು ವಾರ ದೂರವಿರಿ. ಈಗ ಏನೇನು ಔಷಧಿ ತೆಗೆದುಕೊಳ್ಳುತ್ತಿದ್ದೀರೋ ಎಲ್ಲವನ್ನೂ ವೈದ್ಯರಿಗೆ ಹೇಳಿ.

ಯಾಕೆ ಅಂದರೆ, ಸೂಜಿ ಎಷ್ಟೇ ಸಣ್ಣದಿದ್ದರೂ ಕಣ್ಣಂಚಿನ ಚರ್ಮ ತೀರಾ ತೆಳು, ಅದರಡಿ ಪುಟ್ಟ ಪುಟ್ಟ ರಕ್ತನಾಳಗಳು. ಒಂದಕ್ಕೆ ತಾಗಿದರೆ ಒಂದು ಹನಿ ರಕ್ತ ಒಸರುತ್ತದೆ. ಅದು ತಕ್ಷಣ ಹೆಪ್ಪುಗಟ್ಟಿದರೆ ಗೊತ್ತೇ ಆಗುವುದಿಲ್ಲ, ಇಲ್ಲದಿದ್ದರೆ ಚರ್ಮದೊಳಗೆ ಹರಡಿ ನೀಲಿ ಕಲೆ ಆಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತವೆ. ಮೀನೆಣ್ಣೆ, ವಿಟಮಿನ್ ಇ ಮಾತ್ರೆಗಳನ್ನೂ ಇದೇ ಕಾರಣಕ್ಕೆ ಬಿಡಲು ಹೇಳುತ್ತಾರೆ. ಹಿಂದಿನ ದಿನ ಮದ್ಯವೂ ಬೇಡ. ಆದರೆ ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಅನ್ನು ಸುಮ್ನೆ ನೀವೇ ನಿಲ್ಲಿಸಬೇಡಿ. ಕಲೆ ಕೆಲವು ದಿನದಲ್ಲಿ ಹೋಗುತ್ತದೆ, ಹೃದಯದ ವಿಷಯ ಹಾಗಲ್ಲ ಅಲ್ವಾ?

ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ, ನರ ಅಥವಾ ಸ್ನಾಯುವಿನ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಚುಚ್ಚುವ ಜಾಗದಲ್ಲಿ ಕೀವು, ಸೋಂಕು ಇದ್ದರೆ ಮುಂದಕ್ಕೆ ಹಾಕಿ. ಮೇಕಪ್ ಇಲ್ಲದೆ ಹೋಗಿ.

ಇನ್ನೊಂದು, ಯಾವುದಾದರೂ ಸಮಾರಂಭ ಇದ್ದರೆ ಹಿಂದಿನ ದಿನ ಮಾಡಿಸಿಕೊಳ್ಳಬೇಡಿ. ಸ್ನಾಯು ಸಡಿಲವಾಗಲು 3–5 ದಿನ, ಪೂರ್ತಿ ಫಲ ಕಾಣಲು ಸುಮಾರು 2 ವಾರ ಬೇಕು.