ಆ ಟೀ ಶರ್ಟು ಯಾರದ್ದು?

ಓದುಗರ ಪತ್ರ: "ನಗರದ ಮಾಲೊಂದರ ಎಲೆಕ್ಟ್ರಾನಿಕ್ಸ್ ಮಳಿಗೆಯಲ್ಲಿ ₹48,000ಕ್ಕೆ 55 ಇಂಚಿನ ಟಿವಿ ಕೊಂಡೆವು. 12 ಕಂತು, ಬಡ್ಡಿ ಇಲ್ಲ ಎಂದರು. 'ಹತ್ತು ದಿನದೊಳಗೆ ಏನಾದರೂ ಆದ್ರೆ ನಾವೇ ಬದಲಾಯಿಸಿ ಕೊಡ್ತೀವಿ ಮೇಡಂ' ಅಂತ ಟಿವಿ ತೋರಿಸಿದ ಹುಡುಗ ಹೇಳಿದ್ದ. ಗೋಡೆಗೆ ಹಾಕಿದ ಆರನೇ ದಿನ ಪರದೆಯ ಎಡಭಾಗದಲ್ಲಿ ಮೇಲಿಂದ ಕೆಳಗಿನ ತನಕ ಒಂದು ಗೆರೆ ಬಂತು. ಮಳಿಗೆಯವರು 'ಕಂಪನಿಗೆ ಫೋನ್ ಮಾಡಿ' ಎಂದರು. ಕಂಪನಿಯಿಂದ ಬಂದವರು 'ಫಿಸಿಕಲ್ ಡ್ಯಾಮೇಜ್' ಎಂದು ಬರೆದು, ನನ್ನ ಸಹಿ ಹಾಕಿಸಿಕೊಂಡು ಹೋದರು. ಪ್ಯಾನೆಲ್ ಬದಲಿಸಲು ದುಡ್ಡು ಕೊಡಬೇಕಂತೆ. ಆ ಹುಡುಗ ಈಗ ಮಳಿಗೆಯಲ್ಲೇ ಇಲ್ಲ. ಯಾರನ್ನು ಕೇಳಲಿ? ಕಂತು ನಿಲ್ಲಿಸಿಬಿಡಲೇ? ರಟ್ಟಿನ ಪೆಟ್ಟಿಗೆ ಅರ್ಧ ಹಾಲ್ ತಿಂದಿದೆ, ಗುಜರಿಗೆ ಹಾಕಲೇ?" – ಓದುಗರು, ರಾಜಾಜಿನಗರ

ಸಂಪಾದಕರ ಉತ್ತರ:

'ಆ ಹುಡುಗ ಈಗ ಅಲ್ಲಿಲ್ಲ' ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅವನು ಆ ಮಳಿಗೆಯ ನೌಕರನೇ ಆಗಿರಲಿಕ್ಕಿಲ್ಲ. ಮಾಲಿನ ದೊಡ್ಡ ಮಳಿಗೆಗಳಲ್ಲಿ ಟಿವಿ ಸಾಲಿನ ಮುಂದೆ ಬ್ರಾಂಡಿನ ಹೆಸರಿರುವ ಟೀ ಶರ್ಟು ತೊಟ್ಟು ನಿಂತವರಲ್ಲಿ ಬಹಳ ಮಂದಿ 'ಪ್ರೊಮೋಟರ್'ಗಳು. ಅವರಿಗೆ ಸಂಬಳ ಕೊಡುವುದು ಟಿವಿ ಕಂಪನಿ, ಇಲ್ಲವೇ ಅದು ಗೊತ್ತು ಮಾಡಿದ ಏಜೆನ್ಸಿ. ತಿಂಗಳಿಗೆ ಇಷ್ಟು ಸೆಟ್ ಎಂಬ ಟಾರ್ಗೆಟ್ ಇರುತ್ತದೆ, ಕೆಲವು ಮಾಡೆಲ್‌ಗೆ ಸೆಟ್ಟಿಗಿಷ್ಟು ಎಂದು ಇನ್ಸೆಂಟಿವ್ ಇರುತ್ತದೆ. ಮುಂದಿನ ತಿಂಗಳು ಅವನನ್ನು ಹೆಬ್ಬಾಳಕ್ಕೋ ವೈಟ್‌ಫೀಲ್ಡಿಗೋ ಹಾಕುತ್ತಾರೆ. ಕಂತಿನ ಮೇಜಿನಲ್ಲಿ ಕೂತವರು ಫೈನಾನ್ಸ್ ಕಂಪನಿಯವರು. ಮನೆಗೆ ಹೊತ್ತು ತಂದವರು ಸಾಗಣೆ ಗುತ್ತಿಗೆದಾರರ ಕಡೆಯವರು. ಗೋಡೆಗೆ ಹಾಕಿದವರು ಸರ್ವಿಸ್ ಸೆಂಟರಿನವರು. ಆ ಸೆಂಟರೂ ಎಷ್ಟೋ ಸಲ ಕಂಪನಿಯ ಸ್ವಂತದ್ದಲ್ಲ, ಫ್ರಾಂಚೈಸಿ. ಇನ್ನು ಮಾಲ್ ಬರಿ ಬಾಡಿಗೆ ಪಡೆಯುವ ಕಟ್ಟಡದ ಯಜಮಾನ. ಅದರ ಹೆಲ್ಪ್ ಡೆಸ್ಕಿಗೆ ಹೋಗಿ ಟಿವಿಯ ಕಷ್ಟ ಹೇಳಿಕೊಂಡರೆ ಮಳಿಗೆ ಎಷ್ಟನೇ ಮಹಡಿಯಲ್ಲಿದೆ ಎಂದು ಹೇಳಿಯಾರು, ಅಷ್ಟೆ.

ಹೀಗೆ ಒಂದೇ ಸೂರಿನಡಿ ನಾಲ್ಕೈದು ಧಣಿಗಳ ಆಳುಗಳು ಓಡಾಡುವಾಗ ಬಾಯಿಮಾತು ಯಾರ ತಲೆಗೂ ಅಂಟುವುದಿಲ್ಲ. ಬಿಲ್ ಮಾತ್ರ ಒಬ್ಬರದೇ ಹೆಸರಿನಲ್ಲಿರುತ್ತದೆ, ಅದು ಮಳಿಗೆಯದ್ದು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ಮಳಿಗೆಯನ್ನೇ ಕೇಳಬೇಕು, ಕಂಪನಿಯನ್ನೂ ಬಿಡಬಾರದು. 'ಮಾರಿದ್ದು ನಾವು, ಮಾಡಿದ್ದು ಅವರು' ಎಂಬ ಮಾತು ಕೌಂಟರಿನಲ್ಲಿ ನಡೆಯುತ್ತದೆ, ಕಾನೂನಿನ ಮುಂದೆ ನಡೆಯುವುದಿಲ್ಲ. ದುಡ್ಡು ಪಡೆದು ಸರಕು ಮಾರಿದವರು ಅದು ಬಳಕೆಗೆ ಯೋಗ್ಯವಾಗಿರುವಂತೆ ನೋಡಿಕೊಳ್ಳಬೇಕು ಎಂಬುದು 1930ರ ಸರಕು ಮಾರಾಟ ಕಾಯ್ದೆಯಿಂದಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ (ಜಾರಿಗೆ ಬಂದದ್ದು 2020ರ ಜುಲೈ 20ರಂದು) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನ. ಹುಡುಗ ಬಾಯಲ್ಲಿ ಕೊಟ್ಟದ್ದು ಹತ್ತು ದಿನ. ನಿಮ್ಮ ಬಿಲ್ ಆ ಬಗ್ಗೆ ಸುಮ್ಮನಿದ್ದರೆ ಕಾಯ್ದೆ ಅದರ ಮೂರು ಪಟ್ಟು ಕೊಡುತ್ತದೆ. 'ಮಾರಿದ ಮಾಲು ವಾಪಸಿಲ್ಲ' ಎಂದು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದರೂ ದೋಷವಿರುವ ಮಾಲಿಗೆ ಅದು ಗುರಾಣಿಯಾಗದು.

ಆದರೆ ಇದೆಲ್ಲ 'ದೋಷ' ಇದ್ದರೆ ಮಾತ್ರ. ಏಟು ಬಿದ್ದು ಒಡೆದದ್ದಕ್ಕೆ ವಾರಂಟಿಯೂ ಇಲ್ಲ, 30 ದಿನವೂ ಇಲ್ಲ. ಆದ್ದರಿಂದ ನಿಮ್ಮ ₹48,000 ಈಗ ನಿಂತಿರುವುದು ಜಾಬ್ ಶೀಟಿನಲ್ಲಿ, ಅಂದರೆ ಕಂಪನಿಯಿಂದ ಬಂದವರು ತುಂಬಿ ನಿಮ್ಮ ಸಹಿ ಹಾಕಿಸಿಕೊಂಡ ಹಾಳೆಯಲ್ಲಿ, ಬರೆದ 'ಫಿಸಿಕಲ್ ಡ್ಯಾಮೇಜ್' (ಏಟಿನ ಹಾನಿ) ಎಂಬ ಎರಡು ಪದಗಳ ಮೇಲೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಗೆರೆ ಎಲ್ಲಿಂದ ಬಂತು ಎಂಬುದು. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಕಿತ್ತು, ಟಿವಿಯದೇ ಸೆಟ್ಟಿಂಗ್ಸ್ ಮೆನು ತೆರೆಯಿರಿ. ಮೆನುವಿನ ಮೇಲೂ ಗೆರೆ ಹಾದುಹೋಗಿದ್ದರೆ ತೊಂದರೆ ಟಿವಿಯೊಳಗಿನದು. ಮೆನುವಿನಲ್ಲಿ ಗೆರೆ ಇಲ್ಲದಿದ್ದರೆ ಕೇಬಲ್ಲನ್ನೋ ಬಾಕ್ಸನ್ನೋ ಬದಲಿಸಿ ನೋಡಿ. ನೀವು ಬರೆದಂತೆ ಮೇಲಿಂದ ಕೆಳಗಿನ ತನಕ ಒಂದೇ ನೇರ ಗೆರೆಯಾಗಿದ್ದರೆ ಅದಕ್ಕೆ ಸಾಮಾನ್ಯ ಕಾರಣ ಬೇರೆಯೇ ಇದೆ. ಪರದೆಯ ಒಂದೊಂದು ಕಂಬಸಾಲಿಗೂ ಸಂಕೇತ ಹೋಗುವುದು ಗಾಜಿನ ಅಂಚಿಗೆ ಅಂಟಿಸಿದ, ಚಿಪ್ ಇರುವ ತೆಳು ಪಟ್ಟಿಗಳಿಂದ. ವಿದ್ಯುತ್ ಹರಿಯಬಲ್ಲ ವಿಶೇಷ ಅಂಟನ್ನು ಬಿಸಿಯಲ್ಲಿ ಒತ್ತಿ ಅವನ್ನು ಕೂರಿಸಿರುತ್ತಾರೆ. ಆ ಅಂಟು ಒಂದೆಡೆ ಬಿಟ್ಟುಕೊಂಡರೆ ಅಲ್ಲಿನ ಸಾಲಿಗೆ ಸಂಕೇತ ತಪ್ಪಿ, ಪರದೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಸಾಮಾನ್ಯವಾಗಿ ಇದು ತಯಾರಿಕೆಯ ದೋಷ. ಏಟಿನ ಗುರುತು ಬೇರೆ ಥರ: ಒಂದು ಬಿಂದುವಿನಿಂದ ಜೇಡರ ಬಲೆಯಂತೆ ಹರಡಿದ ಬಿರುಕು, ಅದರ ಸುತ್ತ ಮಸಿ ಚೆಲ್ಲಿದಂಥ ಕಪ್ಪು ಕಲೆ. ಟಿವಿ ಆರಿಸಿ, ಕೋಣೆ ಕತ್ತಲು ಮಾಡಿ, ಫೋನಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನಾಲ್ಕೂ ಅಂಚು ನೋಡಿ. ಗಾಜು ಒಡೆದಿದ್ದರೆ ಕಾಣುತ್ತದೆ.

ನಡುವೆ ಒಂದು ಮೂರನೇ ದಾರಿಯೂ ಇದೆ, ಕಂಪನಿಯವರು ಹಿಡಿಯುವುದು ಅದನ್ನೇ. ಬಿರುಕಿಲ್ಲದಿದ್ದರೂ ಅಂಚು ಅದುಮಿದ್ದರಿಂದ ಗೆರೆ ಬಂದಿರಬಹುದು ಎನ್ನುತ್ತಾರೆ. ಅದು ಸುಳ್ಳೇನಲ್ಲ. ಟಿವಿಯನ್ನು ಎತ್ತುವಾಗ ಕೆಳಗಂಚಿನಲ್ಲಿ ಹೆಬ್ಬೆರಳಿಂದ ಗಾಜನ್ನು ಒತ್ತಿ ಹಿಡಿದರೆ, ಹಿಂದಿನ ತೂತಿಗೆ ಬ್ರಾಕೆಟ್ಟಿನ ಅಳತೆಗಿಂತ ಉದ್ದದ ಸ್ಕ್ರೂ ಬಿಗಿದರೆ, ಪೆಟ್ಟಿಗೆಯನ್ನು ಮಲಗಿಸಿ ತಂದರೆ ಇಂಥ ಹಾನಿ ಆಗುತ್ತದೆ. ಆದರೆ ಹೊತ್ತು ತಂದವರು ಮಳಿಗೆಯ ಕಡೆಯವರು, ಗೋಡೆಗೆ ಬಿಗಿದವರು ಕಂಪನಿಯ ಕಡೆಯವರು. ಟಿವಿ ನಿಮ್ಮ ಗೋಡೆಯಲ್ಲಿತ್ತು ಎಂದ ಮಾತ್ರಕ್ಕೆ ಏಟು ನಿಮ್ಮದಾಗುವುದಿಲ್ಲ. ಗೋಡೆಗೆ ಹಾಕಿದ್ದು ಕಂಪನಿಯವರೇ ಅಲ್ಲವೇ? ಪರಿಚಯದ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದ್ದರೆ ನಿಮ್ಮ ವಾದ ಅಲ್ಲಿ ಸಡಿಲವಾಗುತ್ತದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. 'ಬೆಸ್ಕಾಂ ವೋಲ್ಟೇಜ್' ಎಂದು ಹೇಳಿ ಜಾರಿಕೊಂಡರೆ ಮಾತ್ರ ಒಪ್ಪಬೇಡಿ. ಕರೆಂಟು ಏರಿ ಸುಟ್ಟರೆ ಸಾಮಾನ್ಯವಾಗಿ ಪವರ್ ಬೋರ್ಡ್ ಹೋಗಿ ಟಿವಿಯೇ ಹೊತ್ತುವುದಿಲ್ಲ, ಒಂಟಿ ಗೆರೆ ಎಳೆದು ಹೋಗುವುದಿಲ್ಲ.

ಸಹಿ ಹಾಕಿದ್ದೀರಿ, ಸರಿ. ಜಾಬ್ ಶೀಟಿಗೆ ಸಹಿ ಹಾಕಿದರೆ ಅವರು ಬಂದು ಹೋದದ್ದಕ್ಕೆ ಒಪ್ಪಿಗೆ ಸಿಗುತ್ತದೆ, ಅವರ ತೀರ್ಮಾನಕ್ಕಲ್ಲ. ಆದರೂ ಇವತ್ತೇ ಮಳಿಗೆಯ ಗ್ರಾಹಕ ಸೇವೆಗೆ ಮತ್ತು ಕಂಪನಿಗೆ ಒಂದೇ ಇ-ಮೇಲ್ ಹಾಕಿ. ಕಂಪನಿಯ ವಿಳಾಸ, ಫೋನು, ಇ-ಮೇಲ್ ರಟ್ಟಿನ ಪೆಟ್ಟಿಗೆಯ ಮೇಲೇ ಇರುತ್ತದೆ, ಪೊಟ್ಟಣದ ಮೇಲೆ ಅದನ್ನು ಅಚ್ಚು ಹಾಕಲೇಬೇಕೆಂದು ನಿಯಮವಿದೆ. ಬರೆಯುವುದು ಇಷ್ಟೇ ಸಾಕು: "ಈ ದಿನಾಂಕದ ಜಾಬ್ ಶೀಟಿನಲ್ಲಿ ಭೌತಿಕ ಹಾನಿ ಎಂದು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಗಾಜಿನ ಮೇಲೆ ಬಿರುಕಿಲ್ಲ, ಚಿತ್ರ ಮತ್ತು ವಿಡಿಯೊ ಲಗತ್ತಿಸಿದೆ. ಯಾವ ಜಾಗದಲ್ಲಿ ಏಟು ಬಿದ್ದಿದೆ ಎಂಬುದನ್ನು ಚಿತ್ರ ಸಮೇತ ಲಿಖಿತವಾಗಿ ತಿಳಿಸಿ. ಇಲ್ಲವಾದರೆ 15 ದಿನದೊಳಗೆ ಟಿವಿ ಬದಲಿಸಿ ಅಥವಾ ಹಣ ಹಿಂದಿರುಗಿಸಿ." ಜೊತೆಗೆ ಬಿಲ್, ಜಾಬ್ ಶೀಟ್, ಹಿಂಬದಿಯಲ್ಲಿ ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್, ಬಿಳಿ ಪರದೆಯಲ್ಲಿ ಗೆರೆ ಕಾಣುವ ಚಿತ್ರ, ಟಾರ್ಚಿನ ಬೆಳಕಲ್ಲಿ ಅಂಚುಗಳ ಚಿತ್ರ. ಎಂಜಿನಿಯರ್ ತೆಗೆದ ಚಿತ್ರ ಮಸುಕಾಗಿದ್ದರೆ ಅದನ್ನು ನೋಡಿ ಒಪ್ಪಿಗೆ ಕೊಡುವ ಕಚೇರಿಯವರು ಹಾನಿ ಎಂದೇ ಬರೆದುಬಿಡುವುದುಂಟು. ಚೊಕ್ಕ ಚಿತ್ರ ಹೋದ ಮೇಲೆ ತೀರ್ಮಾನ ಬದಲಾದದ್ದೂ ಉಂಟು.

ದುಡ್ಡು ಕೊಟ್ಟು ಪ್ಯಾನೆಲ್ ಹಾಕಿಸಿಕೊಳ್ಳಲು ಈಗಲೇ ಒಪ್ಪಬೇಡಿ. ಪ್ಯಾನೆಲ್ ಎಂದರೆ ಟಿವಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ. ಹಳೆಯದನ್ನು ಬಿಚ್ಚಿ ಒಯ್ದರೆ ನಿಮ್ಮ ಸಾಕ್ಷಿಯೂ ಅದರೊಂದಿಗೇ ಹೋಗುತ್ತದೆ.

ಮಳಿಗೆಯವರು 'ಕಂಪನಿಯಿಂದ ಲೆಟರ್ ತನ್ನಿ, ಬದಲಾಯಿಸ್ತೀವಿ' ಎನ್ನಬಹುದು. ಪೆಟ್ಟಿಗೆ ಬಿಚ್ಚುವಾಗಲೇ ಕೆಟ್ಟಿತ್ತು ಎಂದು ಸರ್ವಿಸ್ ಸೆಂಟರ್ ಕೊಡುವ ಆ ಚೀಟಿ ಇಲ್ಲದೆ ಕಂಪನಿಯಿಂದ ಅವರಿಗೆ ಹಣ ವಾಪಸು ಬರುವುದಿಲ್ಲ. ಅವರ ಕಷ್ಟ ನಿಜ, ಆದರೆ ಅದು ಅವರಿಬ್ಬರ ನಡುವಿನ ಲೆಕ್ಕ.

ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅದು ನ್ಯಾಯಾಲಯವಲ್ಲ, ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ. ದೊಡ್ಡ ಕಂಪನಿಗಳಲ್ಲಿ ಆ ದೂರನ್ನು ನೋಡುವ ಮೇಜು ಬೇರೆ ಇರುವುದರಿಂದ ಹಲವರ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವಿರುವ ಊರಿನಲ್ಲೇ ದೂರು ಹಾಕಬಹುದು, ಬೆಂಗಳೂರಿನವರಿಗೆ ಶಾಂತಿನಗರದ ಬಿಎಂಟಿಸಿ ಸಂಕೀರ್ಣ. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷ ಕಾಲಾವಕಾಶವಿದೆ. ಮಳಿಗೆ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇರುವವರು ಇಲ್ಲದವರ ಕಡೆ ಬೆರಳು ತೋರಿಸುತ್ತಾರೆ. ಏಟೋ ದೋಷವೋ ಎಂಬ ಜಗಳಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕೆಂದು ಕೇಳುವ ಅವಕಾಶವೂ ಇದೆ. ಕಾಯ್ದೆಯ ಪ್ರಕಾರ ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ತೀರ್ಮಾನವಾಗಬೇಕು. ನಡೆಯುವುದು ಅದಕ್ಕಿಂತ ನಿಧಾನ.

ಕಂತನ್ನು ದಯವಿಟ್ಟು ನಿಲ್ಲಿಸಬೇಡಿ. ಟಿವಿ ಕೆಟ್ಟರೂ ಸಾಲ ಕೆಡುವುದಿಲ್ಲ. ಮಳಿಗೆಗೆ ನೀವು ಕೊಟ್ಟದ್ದು ಫೈನಾನ್ಸ್ ಕಂಪನಿಯ ದುಡ್ಡು, ಆ ಸಾಲ ಪ್ರತ್ಯೇಕ ಒಪ್ಪಂದ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ. ನಾಳೆ ಟಿವಿ ವಾಪಸಾದರೂ ಸಾಲ ತಾನಾಗಿ ರದ್ದಾಗುವುದಿಲ್ಲ: ಮಳಿಗೆಯವರು ಸಾಲ ಕೊಟ್ಟವರಿಗೆ ಹಣ ಹಿಂದಿರುಗಿಸಿ ರದ್ದತಿಗೆ ಕೇಳಬೇಕು, ನೀವು ಅವರಿಂದ ಕ್ರೆಡಿಟ್ ನೋಟ್ (ಮಾಲು ವಾಪಸು ಪಡೆದು ಬಿಲ್ಲಿನ ಹಣ ಬಿಟ್ಟುಕೊಟ್ಟಿದ್ದಕ್ಕೆ ಮಳಿಗೆ ಕೊಡುವ ಚೀಟಿ) ಪಡೆದು ಫೈನಾನ್ಸ್ ಕಂಪನಿಗೆ ಕಳಿಸಬೇಕು, ಸಾಲ ಮುಗಿಯಿತೆಂಬ ಪತ್ರ ಕೈಗೆ ಬರಬೇಕು.

'ಬಡ್ಡಿ ಇಲ್ಲ' ಎಂಬುದನ್ನೂ ಒಮ್ಮೆ ಬಿಚ್ಚಿ ನೋಡಿ. ಬಡ್ಡಿ ಇರುತ್ತದೆ, ಅದನ್ನು ಮಳಿಗೆಯೋ ಕಂಪನಿಯೋ ರಿಯಾಯಿತಿಯಾಗಿ ಮೊದಲೇ ಕಳೆದಿರುತ್ತದೆ. ವರ್ಷಕ್ಕೆ ಶೇ. 15 ಬಡ್ಡಿ ಎಂದಿಟ್ಟುಕೊಂಡರೆ, ತಿಂಗಳಿಗೆ ₹4,000ದಂತೆ 12 ಕಂತಿಗೆ ಸಾಲವಾಗಿ ಸಿಗುವುದು ಸುಮಾರು ₹44,317. ಉಳಿದ ₹3,683 ಬಡ್ಡಿ. ಅಂದರೆ ಪೂರ್ತಿ ಹಣ ಕೊಡುವ ಗಿರಾಕಿ ಆ ₹3,683 ಇಳಿಸಿ ಎಂದು ಚೌಕಾಸಿ ಮಾಡಲು ದಾರಿಯಿದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಸುಮಾರು ₹663, ನಿಮ್ಮ ತಲೆಗೇ ಬರುತ್ತದೆ. ಪ್ರೊಸೆಸಿಂಗ್ ಶುಲ್ಕ ಬೇರೆ. ಫೈನಾನ್ಸ್ ಕಂಪನಿಯ ಸಾಲವಾದರೆ ಒಟ್ಟು ವೆಚ್ಚ ಬಿಡಿಸಿ ತೋರಿಸುವ ಒಂದು ಮುಖ್ಯಾಂಶ ಪತ್ರವನ್ನು ಕೊಡಬೇಕು, 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ಅದನ್ನು ತರಿಸಿಕೊಂಡು ನೋಡಿ. ವಿಮೆ, ಕಾರ್ಡ್ ಶುಲ್ಕ, ಎಕ್ಸ್‌ಟೆಂಡೆಡ್ ವಾರಂಟಿ ಎಂದು ನೀವು ಕೇಳದ್ದೇನಾದರೂ ಸೇರಿದೆಯೇ? ಕೌಂಟರಿನಲ್ಲಿ 'ಒಟಿಪಿ ಹೇಳಿ ಮೇಡಂ' ಎಂದಾಗ ಹೇಳಿದ ಆರು ಅಂಕಿ ಸಹಿಗೆ ಸಮ, ಆ ಎಸ್ಸೆಮ್ಮೆಸ್‌ನಲ್ಲಿ ಏನಿತ್ತೆಂದು ಮತ್ತೆ ಓದಿ. ಸೇರಿದ್ದರೆ ಫೈನಾನ್ಸ್ ಕಂಪನಿಗೆ ಬರೆಯಿರಿ. 30 ದಿನದಲ್ಲಿ ಪರಿಹಾರವಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448.

ಇದೇ ದಾರಿಯಲ್ಲಿರುವ ಇತರ ಓದುಗರಿಗೆ ಎರಡು ಮಾತು. ಬದಲಾಯಿಸಿ ಕೊಡುತ್ತೇವೆ, ಬ್ರಾಕೆಟ್ ಉಚಿತ ಎಂದೆಲ್ಲ ಹೇಳಿದ್ದನ್ನು ದುಡ್ಡು ಕೊಡುವ ಮುಂಚೆ ಬಿಲ್ಲಿನ ಮೇಲೆ ಬರೆಸಿ, ಮಳಿಗೆಯ ಮುದ್ರೆ ಹಾಕಿಸಿ. ಬರೆಯಲು ಹಿಂಜರಿದರೆ ಆ ಮಾತಿನ ಬೆಲೆ ಅಲ್ಲೇ ಗೊತ್ತಾಗುತ್ತದೆ. ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ಸಂಖ್ಯೆ, ಸೀರಿಯಲ್ ನಂಬರ್, 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆ (ಅದು ಕರ್ನಾಟಕದ್ದು) ಇರಲಿ. ಥರ್ಮಲ್ ಕಾಗದದ ಬಿಲ್ ಆದರೆ ಅವತ್ತೇ ಜೆರಾಕ್ಸ್ ಮಾಡಿಸಿ. ದಿನ ಕಳೆದಂತೆ ಅಕ್ಷರ ಹಾರಿಹೋಗುತ್ತದೆ, ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಪೆಟ್ಟಿಗೆ ಮನೆಗೆ ಬಂದಾಗ 'ಸುಸ್ಥಿತಿಯಲ್ಲಿ ಪಡೆದೆ' ಎಂಬಲ್ಲಿ ಬರಿ ಸಹಿ ಹಾಕದೆ, 'ತೆರೆದು ನೋಡಿಲ್ಲ' ಎಂದು ಸೇರಿಸಿ. ಎಂಜಿನಿಯರ್ ಬಿಚ್ಚುವಾಗ ನಿಲ್ಲಿಸದೆ ವಿಡಿಯೊ ಮಾಡಿ, ಗೋಡೆಗೆ ಡ್ರಿಲ್ ಹಾಕುವ ಮುಂಚೆ ನೆಲದ ಮೇಲೇ ಟಿವಿ ಹಚ್ಚಿಸಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಪರದೆ ಹಾಕಿ ನೋಡಿ. ಹತ್ತು ನಿಮಿಷದ ಕೆಲಸ. ಅವರು ಅವಸರ ಮಾಡುತ್ತಾರೆ, ಮಾಡಲಿ, ಕಾಫಿ ಕೊಟ್ಟು ಕೂರಿಸಿ.

ಇನ್ನು ಗುಜರಿ. ಹಾಕಬೇಡಿ. ಬದಲಿ ಟಿವಿಗೆ ಒಪ್ಪಿದರೂ ಹಳೆಯದನ್ನು ಮೂಲ ಪೆಟ್ಟಿಗೆ, ಥರ್ಮಾಕೋಲ್ ಸಮೇತ ಕೇಳುವವರಿದ್ದಾರೆ. ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ, ಅಂಚು ಹರಿದಿದ್ದರೆ ಅದು ಸಾಗಣೆಯಲ್ಲಿ ಬಿದ್ದ ಏಟಿಗೆ ಸಾಕ್ಷಿ, ನಾಲ್ಕೂ ಬದಿಯ ಚಿತ್ರ ಈಗಲೇ ತೆಗೆದಿಡಿ. ಜಾಗ ಬೇಕೇ ಬೇಕೆಂದರೆ ತಳದ ಟೇಪು ಕತ್ತರಿಸಿ ರಟ್ಟನ್ನು ಮಡಚಿ ಮಂಚದಡಿ ಸೇರಿಸಿ, ಥರ್ಮಾಕೋಲ್ ತುಂಡುಗಳಿಗೆ ಎಡ, ಬಲ ಎಂದು ಪೆನ್ನಿನಲ್ಲಿ ಬರೆದು ಅಟ್ಟಕ್ಕೆ ಹಾಕಿ. ಬದಲಿ ಟಿವಿ ಬಂದು, ಅದರ ಐದೂ ಬಣ್ಣದ ಪರದೆ ನೋಡಿ ಆದಮೇಲೆ ಗುಜರಿಯವನನ್ನು ಕರೆಯಿರಿ.